ಕ್ಲಚ್ ಕೇಬಲ್ ಬಿಗಿ ಮಾಡಿಸಿದ ಮೇಲೆ ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ: ಎಷ್ಟು ಸಡಿಲ ಬಿಡಬೇಕು?

ತೀರ್ಥಹಳ್ಳಿ ಸವಾರ
ಎಲ್ಲರಿಗೂ ನಮಸ್ಕಾರ. ನನ್ನದು 150 ಸಿಸಿ ಗಾಡಿ, ಒಂಬತ್ತು ವರ್ಷದಲ್ಲಿ 61,000 ಕಿಲೋಮೀಟರ್ ಓಡಿದೆ. ಕಳೆದ ತಿಂಗಳು ಸಿಗ್ನಲ್‌ನಲ್ಲಿ ನಿಂತಾಗ ನ್ಯೂಟ್ರಲ್ ಸಿಗುತ್ತಿರಲಿಲ್ಲ, ಕ್ಲಚ್ ಪೂರ್ತಿ ಹಿಡಿದು ಒಂದನೇ ಗೇರ್ ಹಾಕಿದರೂ ಗಾಡಿ ‘ಟಕ್’ ಎಂದು ಮುಂದಕ್ಕೆ ಜಗ್ಗುತ್ತಿತ್ತು. ಗ್ಯಾರೇಜಿಗೆ ಒಯ್ದಾಗ ಅಲ್ಲಿದ್ದ ಹುಡುಗ ಎರಡೇ ನಿಮಿಷದಲ್ಲಿ ಕೇಬಲ್ ಬಿಗಿ ಮಾಡಿ, ಸರಿಯಾಯಿತು, ಓಡಿಸಿ ಎಂದ. ನ್ಯೂಟ್ರಲ್ ಈಗ ಬೆಣ್ಣೆಯಂತೆ ಬೀಳುತ್ತದೆ, ಅದರಲ್ಲಿ ತಕರಾರಿಲ್ಲ.

ಆದರೆ ಮೊನ್ನೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ, ಹಿಂದೆ ಮನೆಯವಳೂ ಕುಳಿತಿದ್ದಳು, ಆರನೆಯದೋ ಏಳನೆಯದೋ ತಿರುವು ದಾಟಿದ ಮೇಲೆ ಆಕ್ಸಿಲರೇಟರ್ ತಿರುವಿದಷ್ಟೂ ಎಂಜಿನ್ ಕೂಗಿತೇ ಹೊರತು ವೇಗ ಹೆಚ್ಚಲಿಲ್ಲ. ಸುಟ್ಟ ವಾಸನೆ ಬಂತೆಂದು ನಿಲ್ಲಿಸಿ ಅರ್ಧ ಗಂಟೆ ತಣಿಸಿಕೊಂಡು ಹತ್ತಿದೆವು. ಈಗ ಗಮನಿಸಿದರೆ ಲಿವರ್‌ಗೆ ಬೆರಳು ತಾಗಿದ ಕೂಡಲೇ ಬಿಗಿ ಸಿಗುತ್ತದೆ, ಮೊದಲಿದ್ದ ಸಡಿಲ ಚೂರೂ ಉಳಿದಿಲ್ಲ. ನನ್ನ ಪ್ರಶ್ನೆ ಎರಡು. ಎಷ್ಟು ಸಡಿಲ ಇರಬೇಕು? ಇದನ್ನು ಮನೆಯಲ್ಲೇ ನಾನೇ ಮಾಡಿಕೊಳ್ಳಬಹುದೇ?

ನಟ್ಟು ಬೋಲ್ಟು
ರೋಗವನ್ನೂ ಕಾರಣವನ್ನೂ ನೀವೇ ಬರೆದುಬಿಟ್ಟಿದ್ದೀರಿ, ಸರ್. ಸಡಿಲವೇ ಇಲ್ಲದಿದ್ದರೆ ನೀವು ಲಿವರ್ ಮುಟ್ಟದಿದ್ದಾಗಲೂ ಕೇಬಲ್ ಸದಾ ಸ್ವಲ್ಪ ಎಳೆದುಕೊಂಡೇ ಇರುತ್ತದೆ. ಅಂದರೆ ನೀವು ಆಗುಂಬೆಯನ್ನು ಹಾಫ್ ಕ್ಲಚ್‌ನಲ್ಲಿ, ಲಿವರ್ ಅರ್ಧ ಹಿಡಿದುಕೊಂಡೇ, ಹತ್ತಿದಂತಾಯಿತು. ಇವತ್ತೇ ಸಡಿಲಿಸಿ, ಅಲ್ಲಿಯವರೆಗೆ ದಯವಿಟ್ಟು ಗಾಡಿ ತೆಗೆಯಬೇಡಿ.

ಹುಬ್ಬಳ್ಳಿಯವ
ಇದನ್ನು ನಾನು ಒಪ್ಪುವುದಿಲ್ಲ. ಹದಿನೈದು ವರ್ಷದಿಂದ ಒಂದು ಎಳೆಯಷ್ಟೂ ಸಡಿಲ ಇಡದೆ ಓಡಿಸುತ್ತಿದ್ದೇನೆ. ಲಿವರ್ ಮುಟ್ಟಿದ ಕೂಡಲೇ ಕ್ಲಚ್ ತಾನೇ ಬಿಟ್ಟುಕೊಳ್ಳಬೇಕು, ಗೇರ್ ಚುರುಕಾಗಿ ಬೀಳಬೇಕು. ಲೊಡಲೊಡ ಎನ್ನುವ ಲಿವರ್ ಹಿಡಿದು ಓಡಿಸುವುದು ನನ್ನಿಂದಾಗದ ಕೆಲಸ.

ನಟ್ಟು ಬೋಲ್ಟು
ಒಂದೇ ಪ್ರಶ್ನೆ, ಅಣ್ಣ. ನಿಮ್ಮ ಗಾಡಿಗೆ ಕ್ಲಚ್ ಪ್ಲೇಟ್ ಎಷ್ಟು ಕಿಲೋಮೀಟರಿಗೊಮ್ಮೆ ಹಾಕಿಸುತ್ತೀರಿ?

ಹುಬ್ಬಳ್ಳಿಯವ
ಹದಿನೈದು ಹದಿನೆಂಟು ಸಾವಿರಕ್ಕೊಮ್ಮೆ. ಎಲ್ಲರೂ ಅಷ್ಟಕ್ಕೇ ಹಾಕಿಸುತ್ತಾರಲ್ಲವೇ?

ಅರ್ಧ ಕ್ಲಚ್
ಇಲ್ಲ ಅಣ್ಣ, ಎಲ್ಲರೂ ಹಾಕಿಸುವುದಿಲ್ಲ. ನನ್ನ 125 ಸಿಸಿ ಗಾಡಿ 48,000 ದಾಟಿದೆ, ಒಳಗಿರುವುದು ಕಂಪನಿಯಿಂದ ಬಂದ ಪ್ಲೇಟುಗಳೇ.

ನಿವೃತ್ತ ಮೇಷ್ಟ್ರು
ಬುಲೆಟ್ ಕೈಪಿಡಿಯಲ್ಲಿ 2ರಿಂದ 3 ಮಿಲಿಮೀಟರ್ ಎಂದು ಓದಿದ ನೆನಪಿದೆ. ತೀರ್ಥಹಳ್ಳಿಯವರು ಅಷ್ಟನ್ನೇ ಇಟ್ಟುಕೊಂಡರೆ ಸಾಕೆನಿಸುತ್ತದೆ.

ಅರ್ಧ ಕ್ಲಚ್
ಮೇಷ್ಟ್ರೇ, ಅದು ಬಹಳ ಕಡಿಮೆಯಾಯಿತು. ನನ್ನ ಗಾಡಿಯ ಕೈಪಿಡಿಯಲ್ಲಿ 10ರಿಂದ 20 ಮಿಲಿಮೀಟರ್ ಎಂದು ಚಿತ್ರದ ಸಮೇತ ಕೊಟ್ಟಿದ್ದಾರೆ. 2 ಮಿಲಿಮೀಟರ್ ಇಟ್ಟರೆ ಇವರು ಇನ್ನೊಮ್ಮೆ ಘಾಟಿಯಲ್ಲಿ ನಿಲ್ಲಬೇಕಾಗುತ್ತದೆ.

ನಿವೃತ್ತ ಮೇಷ್ಟ್ರು
20 ಮಿಲಿಮೀಟರ್ ಎಂದರೆ ಎರಡು ಸೆಂಟಿಮೀಟರ್. ಅಷ್ಟು ಸಡಿಲವಿದ್ದರೆ ಲಿವರ್ ಹ್ಯಾಂಡಲ್‌ಗೆ ತಾಗಿದರೂ ಕ್ಲಚ್ ಬಿಡುವುದಿಲ್ಲ. ತಾವು ಸೊನ್ನೆಯೊಂದನ್ನು ಹೆಚ್ಚು ಓದಿಕೊಂಡಿರಬೇಕು.

ಗ್ಯಾರೇಜ್ ಗಿರಾಕಿ
ಇಬ್ಬರೂ ಸರಿ, ಇಬ್ಬರೂ ಸುಮ್ಮನೆ ಜಗಳವಾಡುತ್ತಿದ್ದೀರಿ. ಅಳೆಯುವ ಜಾಗ ಬೇರೆ ಬೇರೆ. ಲಿವರ್‌ನ ಬುಡ ಹ್ಯಾಂಡಲ್‌ನ ಬ್ರಾಕೆಟ್‌ಗೆ ಸೇರುವಲ್ಲಿ, ಅಂದರೆ ಕೇಬಲ್ ಒಳಗೆ ಹೋಗುವ ಬಾಯಿಯ ಹತ್ತಿರ ಕಾಣುವ ಸಂದನ್ನು ಅಳೆದರೆ ಅದು 2ರಿಂದ 3 ಮಿಲಿಮೀಟರ್. ಅದೇ ಸಡಿಲವನ್ನು ಲಿವರ್‌ನ ತುದಿಯ ಗುಂಡಿನ ಹತ್ತಿರ ಅಳೆದರೆ 10ರಿಂದ 20ರ ಒಳಗೆ ಬರುತ್ತದೆ. ತಿರುಗಣೆಯಿಂದ ತುದಿಗೆ ಇರುವ ದೂರ ಬುಡದ ಸಂದಿಗಿರುವ ದೂರದ ಐದಾರು ಪಟ್ಟು ಇರುವುದರಿಂದ ಲೆಕ್ಕ ತಾನಾಗಿ ಕೂಡುತ್ತದೆ. ಮೇಷ್ಟ್ರು ಶಾಲೆಯಲ್ಲಿ ಸನ್ನೆಗೋಲಿನ ಪಾಠ ಮಾಡಿರಲೇಬೇಕು.

ನಿವೃತ್ತ ಮೇಷ್ಟ್ರು
ಮೂವತ್ತೊಂದು ವರ್ಷ ಮಾಡಿದ್ದೇನೆ. ತಪ್ಪು ಒಪ್ಪಿಕೊಂಡೆ. ಆದರೂ ಸಂದನ್ನು ಬುಡದಲ್ಲಿ ನೋಡುವುದೇ ವಾಸಿ, ಹಳೆಯ ಗಾಡಿಗಳಲ್ಲಿ ಲಿವರ್‌ನ ಪಿನ್ನು ಸವೆದು ತುದಿ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ, ಅದನ್ನೇ ಸಡಿಲವೆಂದು ಎಣಿಸಿಬಿಡುತ್ತೇವೆ.

ಅರ್ಧ ಕ್ಲಚ್
ನಾನೂ ಒಪ್ಪಿದೆ. ಹಾಗಾದರೆ ಒಂದು ಸಂದೇಹ. ಪ್ಲೇಟ್ ಸವೆದಂತೆ ಸಡಿಲ ಹೆಚ್ಚುತ್ತದೆ, ಅದಕ್ಕಾಗಿಯೇ ಆಗಾಗ ಬಿಗಿ ಮಾಡಬೇಕು ಎಂದು ನಮ್ಮ ಬೀದಿಯ ಮೆಕ್ಯಾನಿಕ್ ಹೇಳುತ್ತಾನೆ. ಅದು ನಿಜವೇ?

ಗ್ಯಾರೇಜ್ ಗಿರಾಕಿ
ಅದು ಪೂರ್ತಿ ತಿರುಗುಮುರುಗು, ಮತ್ತು ತೀರ್ಥಹಳ್ಳಿಯವರ ಪ್ರಶ್ನೆಯ ಬೇರು ಇಲ್ಲೇ ಇದೆ. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಮ್ಮ ಗಾಡಿಗಳ ಕ್ಲಚ್ ಎಂದರೆ ಎಂಜಿನ್ ಆಯಿಲಿನಲ್ಲಿ ನೆನೆದಿರುವ ಒಂದು ಬಿಲ್ಲೆಗಳ ಅಡಕಲು. ತಿಕ್ಕುವ ಪದಾರ್ಥ ಅಂಟಿಸಿದ ಪ್ಲೇಟು, ಬರಿಯ ಉಕ್ಕಿನ ಪ್ಲೇಟು, ಮತ್ತೆ ತಿಕ್ಕುವ ಪ್ಲೇಟು, ಹೀಗೆ ಒಂದರ ಮೇಲೊಂದು ಜೋಡಿಸಿರುತ್ತಾರೆ. ಮೊದಲನೆಯವು ಎಂಜಿನ್ನಿನೊಂದಿಗೆ ತಿರುಗುತ್ತವೆ, ಉಕ್ಕಿನವು ಗೇರ್‌ಬಾಕ್ಸಿನೊಂದಿಗೆ. ಸ್ಪ್ರಿಂಗುಗಳು ಪ್ರೆಷರ್ ಪ್ಲೇಟಿನ ಮೂಲಕ ಇಡೀ ಅಡಕಲನ್ನು ಸದಾ ಒತ್ತಿ ಹಿಡಿದಿರುತ್ತವೆ. ನೀವು ಲಿವರ್ ಎಳೆದಾಗ ಕೇಬಲ್ ಒಂದು ತೋಳನ್ನು ತಿರುಗಿಸಿ ಆ ಪ್ರೆಷರ್ ಪ್ಲೇಟನ್ನು ಕೂದಲೆಳೆಯಷ್ಟು ಸರಿಸುತ್ತದೆ, ಬಿಲ್ಲೆಗಳು ಬಿಡಿಬಿಡಿಯಾಗುತ್ತವೆ, ಅಷ್ಟೇ.

ಪ್ಲೇಟುಗಳು ಸವೆದರೆ ಅಡಕಲು ತೆಳ್ಳಗಾಗುತ್ತದೆ. ಪ್ರೆಷರ್ ಪ್ಲೇಟು ಅಷ್ಟಷ್ಟೇ ಜರುಗಿ ಕೂರುತ್ತದೆ, ತನ್ನನ್ನು ತಳ್ಳಬೇಕಾದ ಕೋಲಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಅಂದರೆ ಪ್ಲೇಟ್ ಸವೆದಂತೆ ಲಿವರ್‌ನ ಸಡಿಲ ಕಡಿಮೆಯಾಗುತ್ತದೆ. ಹೆಚ್ಚುವುದು ಕೇಬಲ್ ಜಗ್ಗಿ ಉದ್ದವಾದಾಗ, ಒಳಗಿನ ತಂತಿಯ ಎಳೆಗಳು ಒಂದೊಂದೇ ಹರಿಯತೊಡಗಿದಾಗ, ಇಲ್ಲವೇ ಹೊರಗಿನ ಕವಚದ ತುದಿ ಒಳಗೆ ಕುಸಿದಾಗ. ಹೊಸ ಕೇಬಲ್ ಹಾಕಿದ ಮೊದಲ ಕೆಲವು ದಿನ ಸಡಿಲ ಹೆಚ್ಚಿದರೆ ಅದು ಸಹಜ. ಹಳೆಯ ಕೇಬಲ್ ಒಂದೇ ವಾರದಲ್ಲಿ ಇದ್ದಕ್ಕಿದ್ದಂತೆ ಸಡಿಲವಾದರೆ ಅದು ಜಗ್ಗುತ್ತಿಲ್ಲ, ಹರಿಯುತ್ತಿದೆ ಎಂದು ತಿಳಿಯಬೇಕು. ಅಂತಹ ಕೇಬಲ್ಲನ್ನು ಬಿಗಿ ಮಾಡಿಕೊಡುವವನು ನಿಮಗೆ ಉಪಕಾರ ಮಾಡುತ್ತಿಲ್ಲ.

ಪುತ್ತೂರ ಪಯಣಿಗ
ಆ ಕೊನೆಯ ಮಾತಿಗೆ ನಾನೇ ಸಾಕ್ಷಿ. ಎರಡು ವರ್ಷದ ಹಿಂದಿನ ಮಳೆಗಾಲ, ಚಾರ್ಮಾಡಿ ಘಾಟಿ. ಹೊರಡುವ ಹಿಂದಿನ ವಾರ ಎರಡು ಬಾರಿ ಕ್ಲಚ್ ಬಿಗಿ ಮಾಡಿಕೊಂಡಿದ್ದೆ, ಎರಡೂ ಸಲ ಕಾರಣ ಹುಡುಕಲಿಲ್ಲ. ಕೊಟ್ಟಿಗೆಹಾರಕ್ಕೆ ಇನ್ನೇನು ಸ್ವಲ್ಪ ದೂರ ಎನ್ನುವಾಗ ಕೈಯಲ್ಲಿ ‘ಪಟ್’ ಎಂದಿತು, ಲಿವರ್ ಸತ್ತ ಹಲ್ಲಿಯಂತೆ ಜೋತುಬಿತ್ತು. ಲಿವರ್‌ನೊಳಗೆ ಕೂರುವ ಲೋಹದ ಗುಂಡಿನ ಬುಡದಲ್ಲೇ ತಂತಿ ಹರಿದಿತ್ತು. ಹತ್ತೊಂಬತ್ತು ಎಳೆಗಳಲ್ಲಿ ಹದಿನಾರು ತುಕ್ಕು ಹಿಡಿದು ಕಪ್ಪಾಗಿದ್ದವು, ಹೊಸದಾಗಿ ಹೊಳೆಯುತ್ತಿದ್ದವು ಮೂರೇ ಎಳೆಗಳು. ಅಂದರೆ ಅಷ್ಟು ದಿನ ನಾನು ಆ ಮೂರರ ಮೇಲೆ ಓಡಾಡಿದ್ದೆ.

ತೀರ್ಥಹಳ್ಳಿ ಸವಾರ
ಅಲ್ಲಿಂದ ಹೇಗೆ ಬಂದಿರಿ? ಗಾಡಿ ತಳ್ಳಿದಿರಾ?

ಪುತ್ತೂರ ಪಯಣಿಗ
ಆ ಮಳೆಯಲ್ಲಿ ತಳ್ಳುವ ಧೈರ್ಯವಿರಲಿಲ್ಲ. ನ್ಯೂಟ್ರಲ್‌ನಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ, ಇಳಿಜಾರಿನ ಕಡೆಗೆ ಮೂತಿ ತಿರುಗಿಸಿ, ಗಾಡಿ ಸ್ವಲ್ಪ ಉರುಳಿದ ಮೇಲೆ ಒಂದನೇ ಗೇರ್ ಒತ್ತಿದೆ. ಒಮ್ಮೆ ಜಗ್ಗಿತು, ನಿಲ್ಲಲಿಲ್ಲ. ಮೇಲಿನ ಗೇರ್‌ಗಳಿಗೆ ಆಕ್ಸಿಲರೇಟರ್ ಕ್ಷಣಕಾಲ ಪೂರ್ತಿ ಬಿಟ್ಟು, ಅದೇ ಕ್ಷಣ ಕಾಲಿನಿಂದ ಗೇರ್ ಎತ್ತಿದರೆ ಕ್ಲಚ್ ಇಲ್ಲದೆಯೂ ಬೀಳುತ್ತದೆ. ನಿಲ್ಲಿಸಬೇಕಾದರೆ ಮುಂಚೆಯೇ ನ್ಯೂಟ್ರಲ್‌ಗೆ ತಂದುಕೊಳ್ಳಬೇಕು. ಹೀಗೆ ಉಜಿರೆಯವರೆಗೂ ಬಂದೆ. ಇದನ್ನು ಪೇಟೆಯ ಟ್ರಾಫಿಕ್ಕಿನಲ್ಲಿ ಮಾಡಲು ಹೋಗಬೇಡಿ. ಅಂದಿನಿಂದ ಹೊಸದೊಂದು ಕೇಬಲ್ಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೇಪ್ ಸುತ್ತಿ ಇಟ್ಟಿದ್ದೇನೆ. ಹರಿದರೆ ಎರಡೂ ತುದಿ ಸಿಕ್ಕಿಸಿದರಾಯಿತು.

ಹುಬ್ಬಳ್ಳಿಯವ
ಎಲ್ಲರೂ ಘಾಟಿಯ ಕಥೆ ಹೇಳುತ್ತಿದ್ದೀರಿ, ಪಾಪ ಅವರು ಕೇಳಿದ್ದು ಮಾಡುವುದು ಹೇಗೆ ಎಂದು.

ನಟ್ಟು ಬೋಲ್ಟು
ಸರಿ, ನಾನು ಮಾಡುವ ಕ್ರಮವನ್ನು ಹೇಳುತ್ತೇನೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಮಾಡಬೇಕು, ಏಕೆಂದರೆ ಎಂಜಿನ್ ಕಾದ ಮೇಲೆ ಸಡಿಲ ಬದಲಾಗುತ್ತದೆ, ಬಿಸಿಯಲ್ಲಿ ಹೊಂದಿಸಿದ್ದು ಮರುದಿನ ಬೆಳಿಗ್ಗೆ ಬೇರೆಯೇ ಆಗಿರುತ್ತದೆ. ಕೇಬಲ್ಲಿಗೆ ಎರಡು ಕಡೆ ಅಡ್ಜಸ್ಟರ್ ಇರುತ್ತದೆ: ಮೇಲೆ ಲಿವರ್ ಬಳಿ ಕೈಯಲ್ಲೇ ತಿರುಗಿಸಬಹುದಾದದ್ದು, ಕೆಳಗೆ ಎಂಜಿನ್ ಬಳಿ ಎರಡು ನಟ್ಟುಗಳ ನಡುವೆ ಬ್ರಾಕೆಟ್ಟನ್ನು ಕಚ್ಚಿಕೊಂಡಿರುವುದು. ಕೆಲವು ಗಾಡಿಗಳಲ್ಲಿ ಕೆಳಗಿನದೊಂದೇ ಇರುತ್ತದೆ.

ಮೊದಲು ಮೇಲಿನ ರಬ್ಬರ್ ಟೋಪಿಯನ್ನು ಸರಿಸಿ, ಲಾಕ್ ನಟ್ ಬಿಡಿಸಿ, ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿಬಿಡಿ. ಆಗ ಲಿವರ್ ಜೋತುಬೀಳುತ್ತದೆ, ಗಾಬರಿ ಬೇಡ. ಆಮೇಲೆ ಕೆಳಗಿನ ಎರಡು ನಟ್ಟುಗಳನ್ನು ಸ್ಪ್ಯಾನರಿನಿಂದ ಜರುಗಿಸಿ, ಲಿವರ್‌ನಲ್ಲಿ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಸಡಿಲ ಉಳಿಯುವಂತೆ ಮಾಡಿ ಬಿಗಿಯಿರಿ. ಉಳಿದ ಸಣ್ಣ ಹೊಂದಾಣಿಕೆಯನ್ನು ಮತ್ತೆ ಮೇಲಿನಿಂದ ಮಾಡಿ, ಲಾಕ್ ನಟ್ ಕೂರಿಸಿ. ಮೇಲಿನ ಅಡ್ಜಸ್ಟರಿನಲ್ಲೂ ಅದರ ನಟ್ಟಿನಲ್ಲೂ ಕೇಬಲ್ ಹೊರತೆಗೆಯಲು ಒಂದೊಂದು ಸೀಳು ಇರುತ್ತದೆ. ಕೆಲಸ ಮುಗಿದಾಗ ಆ ಸೀಳುಗಳು ಒಂದೇ ಗೆರೆಯಲ್ಲಿ ನಿಲ್ಲದಂತೆ, ಮೇಲ್ಮುಖವಾಗಿಯೂ ಇರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮಳೆನೀರು ನೇರವಾಗಿ ಕವಚದೊಳಗೆ ಇಳಿಯುತ್ತದೆ.

ಇಷ್ಟಾದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಯಾವ ಕಡೆಗೂ ಸಡಿಲ ಮಾಯವಾಗಬಾರದು. ಮಾಯವಾದರೆ ಕೇಬಲ್ ಎಲ್ಲೋ ತಪ್ಪು ದಾರಿಯಲ್ಲಿ ಹೋಗಿದೆ ಎಂದು ಅರ್ಥ.

ಸ್ಕೂಟರ್ ಬಿಟ್ಟವಳು
ನಾನು ಆರು ತಿಂಗಳ ಹಿಂದಷ್ಟೇ ಸ್ಕೂಟರ್ ಬಿಟ್ಟು ಬೈಕ್ ಹಿಡಿದವಳು. ನನ್ನ ಕೈ ಚಿಕ್ಕದು, ಲಿವರ್ ದೂರವೆನಿಸುತ್ತದೆ. ಅದಕ್ಕಾಗಿ ಗ್ಯಾರೇಜಿನಲ್ಲಿ ಕೇಬಲ್ ಸಡಿಲಿಸಿಕೊಟ್ಟರು, ಈಗ ಲಿವರ್ ಹತ್ತಿರ ಬಂದ ಮೇಲೆ ಹಿಡಿತ ಸಿಗುತ್ತದೆ, ಕೈಗೆ ಸುಖವಾಗಿದೆ. ಆದರೆ ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗುವುದೇ ಇಲ್ಲ. ಇದು ಅದೇ ಸಮಸ್ಯೆಯ ಇನ್ನೊಂದು ಮುಖವೇ?

ಗ್ಯಾರೇಜ್ ಗಿರಾಕಿ
ಹೌದು ಮೇಡಂ, ಅವರದು ಒಂದು ತುದಿಯಾದರೆ ನಿಮ್ಮದು ಇನ್ನೊಂದು ತುದಿ. ಅವರ ಗಾಡಿಯಲ್ಲಿ ಬಿಲ್ಲೆಗಳು ಸರಿಯಾಗಿ ಕೂಡಿಕೊಳ್ಳುತ್ತಿಲ್ಲ, ನಿಮ್ಮ ಗಾಡಿಯಲ್ಲಿ ಅವು ಪೂರ್ತಿ ಬಿಡುತ್ತಿಲ್ಲ. ಲಿವರ್‌ನ ಎಳೆತದಲ್ಲಿ ಅರ್ಧ ಸಡಿಲಕ್ಕೇ ಖರ್ಚಾಗಿಬಿಟ್ಟರೆ ಪ್ರೆಷರ್ ಪ್ಲೇಟು ಸರಿಯಲು ಏನು ಉಳಿಯುತ್ತದೆ? ಹೀಗೆ ಓಡಿಸಿದರೆ ಗೇರ್ ಹಲ್ಲುಗಳಿಗೆ ಪೆಟ್ಟು. ಲಿವರ್ ದೂರವಿರುವುದಕ್ಕೆ ಕೇಬಲ್ ಸಡಿಲಿಸುವುದು ಪರಿಹಾರವಲ್ಲ. ದೂರವನ್ನೇ ಹೊಂದಿಸಬಹುದಾದ ಲಿವರ್‌ಗಳು ಸಿಗುತ್ತವೆ, ನಿಮ್ಮ ಗಾಡಿಗೆ ಕೂರುವಂಥದ್ದನ್ನು ಕೇಳಿ ನೋಡಿ. ಲಿವರ್ ಗಟ್ಟಿಯಾಗಿದೆ ಎನ್ನುವುದಾದರೆ ಮೊದಲು ಕೇಬಲ್ಲಿಗೆ ಎಣ್ಣೆ ಬಿಡಿ.

ಸ್ಕೂಟರ್ ಬಿಟ್ಟವಳು
ಎಣ್ಣೆ ಬಿಡುವುದು ಎಂದರೆ ಮೇಲಿನಿಂದ ಎರಡು ಹನಿ ಸುರಿಯುವುದೇ?

ಪುತ್ತೂರ ಪಯಣಿಗ
ಎರಡು ಹನಿ ಬಾಯಲ್ಲೇ ಉಳಿಯುತ್ತದೆ, ಮೇಡಂ. ಮೇಲಿನ ತುದಿಯನ್ನು ಲಿವರ್‌ನಿಂದ ಬಿಡಿಸಿ, ಹಾಲಿನ ಪ್ಯಾಕೆಟ್ಟಿನ ಒಂದು ಮೂಲೆಯನ್ನು ಕತ್ತರಿಸಿ ಕೊಳವೆಯಂತೆ ಅದಕ್ಕೆ ಸುತ್ತಿ, ದಾರದಿಂದ ಬಿಗಿದು ಕಟ್ಟಿ, ಒಂದು ಚಮಚ ತೆಳ್ಳನೆಯ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕೆಳಗಿನ ತುದಿಯಲ್ಲಿ ಕಪ್ಪು ಎಣ್ಣೆ ತೊಟ್ಟಿಕ್ಕಿದ್ದರೆ ಕೆಲಸವಾಯಿತು. ಕೆಳಗೆ ಹಳೆಯ ಬಟ್ಟೆ ಹಾಸಿಡಿ, ನಮ್ಮ ಮನೆಯ ಜಗಲಿಯ ಕೆಂಪು ನೆಲದ ಮೇಲೆ ಆ ಕಲೆ ಇನ್ನೂ ಇದೆ.

ನಟ್ಟು ಬೋಲ್ಟು
ಒಂದು ತಿದ್ದುಪಡಿ. ಈಗಿನ ಅನೇಕ ಕೇಬಲ್ಲುಗಳ ಕವಚದೊಳಗೆ ನೈಲಾನ್ ಅಥವಾ ಟೆಫ್ಲಾನ್ ಕೊಳವೆ ಇರುತ್ತದೆ. ಅದಕ್ಕೆ ಎಣ್ಣೆ ಬೇಡವೆಂದು ಕೈಪಿಡಿ ಹೇಳಿದ್ದರೆ ಬಿಡಬೇಡಿ, ಎಣ್ಣೆಗೆ ಧೂಳು ಅಂಟಿ ಇನ್ನಷ್ಟು ಗಟ್ಟಿಯಾಗುತ್ತದೆ. ಲಿವರ್‌ನೊಳಗಿನ ಲೋಹದ ಗುಂಡಿಗೆ ಮಾತ್ರ ಒಂದು ಚಿಟಿಕೆ ಗ್ರೀಸ್ ಎಲ್ಲ ಗಾಡಿಗೂ ಬೇಕು. ಆ ಗುಂಡು ತನ್ನ ಗೂಡಿನಲ್ಲಿ ತಿರುಗದಿದ್ದರೆ ಪ್ರತಿ ಎಳೆತಕ್ಕೂ ತಂತಿ ಅದೇ ಜಾಗದಲ್ಲಿ ಬಾಗುತ್ತದೆ. ಪುತ್ತೂರಿನವರ ಕೇಬಲ್ ಹರಿದದ್ದೂ ಅಲ್ಲೇ.

ಮೈಸೂರು ಯೆಜ್ಡಿ
ತಡವಾಗಿ ಬಂದೆ. ಕೇಬಲ್ಲಿನ ಮಾತಷ್ಟೇ ನಡೆಯುತ್ತಿದೆ, ಎಂಜಿನ್ನಿನೊಳಗೂ ಒಂದು ಹೊಂದಾಣಿಕೆ ಇರುವ ಗಾಡಿಗಳನ್ನು ಎಲ್ಲರೂ ಮರೆತಿದ್ದೀರಿ. ಹಳೆಯ ಬುಲೆಟ್ಟಿನ ಬಲಬದಿಯ ಗೇರ್‌ಬಾಕ್ಸಿನ ಮೇಲೆ ಚಿಕ್ಕದೊಂದು ಮುಚ್ಚಳವಿದೆ. ಅದನ್ನು ತೆಗೆದರೆ ಒಳಗೆ ಸ್ಕ್ರೂ ಮತ್ತು ಅದರ ಲಾಕ್ ನಟ್ ಕಾಣುತ್ತವೆ. ಮೊದಲು ಅದನ್ನು ಸರಿಪಡಿಸಿ ಆಮೇಲೆ ಕೇಬಲ್ಲಿಗೆ ಕೈಹಾಕಬೇಕು. ಒಳಗಿನದು ತಪ್ಪಿದ್ದು ಹೊರಗಿನಿಂದ ಬಿಗಿಯುತ್ತಾ ಹೋದರೆ ಅಡ್ಜಸ್ಟರಿನ ಮರೆಯೆಲ್ಲ (ತಿರುಪಿನ ಸುತ್ತುಗಳು) ಹೊರಗೆ ಬಂದಿರುತ್ತದೆ, ಕ್ಲಚ್ ಮಾತ್ರ ಸರಿಯಾಗಿರುವುದಿಲ್ಲ.

ನಮ್ಮ ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳ ಪೈಕಿ ಹಳೆಯವುಗಳ ಸೊಗಸೇ ಬೇರೆ. ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ, ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡುವ ವ್ಯವಸ್ಥೆಯೂ ಇತ್ತು. ಚಾರ್ಮಾಡಿಯಲ್ಲಿ ಕೇಬಲ್ ಹರಿದರೆ ನಮಗೆ ಅಷ್ಟೊಂದು ಚಿಂತೆಯಿಲ್ಲ!

ಹುಬ್ಬಳ್ಳಿಯವ
ಎಲ್ಲಿ ಏನೇ ಮಾತು ನಡೆದರೂ ಮೈಸೂರಿನವರು ಯೆಜ್ಡಿಗೆ ತಂದು ನಿಲ್ಲಿಸುತ್ತಾರೆ.

ಮೈಸೂರು ಯೆಜ್ಡಿ
ಹದಿನೈದು ಸಾವಿರಕ್ಕೊಮ್ಮೆ ಪ್ಲೇಟ್ ಹಾಕಿಸುವುದಕ್ಕಿಂತ ಅದು ವಾಸಿಯಲ್ಲವೇ, ಸ್ವಾಮಿ?

ತೀರ್ಥಹಳ್ಳಿ ಸವಾರ
ಇವತ್ತು ಬೆಳಿಗ್ಗೆ ಮಾಡಿದೆ. ನಟ್ಟು ಬೋಲ್ಟು ಅವರು ಹೇಳಿದ ಕ್ರಮದಲ್ಲೇ ಮಾಡಿ, ಮಗನ ಕಂಪಾಸ್ ಬಾಕ್ಸಿನ ಸ್ಕೇಲಿನಿಂದ ಅಳೆದು, ತುದಿಯಲ್ಲಿ 15 ಮಿಲಿಮೀಟರ್ ಇಟ್ಟಿದ್ದೇನೆ. ಕೇಬಲ್ಲಿನ ಎರಡೂ ತುದಿ ನೋಡಿದೆ, ಒಂದು ಎಳೆಯೂ ಹರಿದಿಲ್ಲ. ಸಮತಟ್ಟಿನಲ್ಲಿ ಎಲ್ಲ ಸರಿಯಿದೆ. ಆದರೆ ಕುಪ್ಪಳ್ಳಿ ಕಡೆಯ ಏರಿನಲ್ಲಿ ಮೇಲಿನ ಗೇರ್‌ನಲ್ಲಿ 40ರ ವೇಗದಲ್ಲಿ ಒಮ್ಮೆಲೇ ಆಕ್ಸಿಲರೇಟರ್ ತಿರುವಿದರೆ ಈಗಲೂ ಎಂಜಿನ್ ಮೊದಲು ಕೂಗಿ, ಗಾಡಿ ಆಮೇಲೆ ಹಿಂಬಾಲಿಸುತ್ತದೆ. ನಾನು ಎಲ್ಲಿ ತಪ್ಪಿದೆ?

ಅರ್ಧ ಕ್ಲಚ್
ಯಾವ ಆಯಿಲ್ ಹಾಕಿಸಿದ್ದೀರಿ? ಕಾರಿನ ಆಯಿಲ್ ಏನಾದರೂ ಬಿದ್ದಿದೆಯೇ? ಡಬ್ಬಿಯ ಮೇಲೆ ಬೈಕ್ ಆಯಿಲಿನ ದರ್ಜೆ ಜಾಸೊ ಎಂಎ ಅಥವಾ ಎಂಎ2 ಎಂದಿರಬೇಕು. ಎಂಬಿ ಎಂದಿದ್ದರೆ ಅದು ಸ್ಕೂಟರಿನಂತಹ, ಕ್ಲಚ್ ಆಯಿಲಿನಲ್ಲಿ ಮುಳುಗದ ಗಾಡಿಗಳಿಗೆ.

ತೀರ್ಥಹಳ್ಳಿ ಸವಾರ
ಡಬ್ಬಿ ಮನೆಯಲ್ಲೇ ಇದೆ, ಎಂಎ2 ಎಂದೇ ಇದೆ.

ಗ್ಯಾರೇಜ್ ಗಿರಾಕಿ
ಹಾಗಾದರೆ ನೀವೇನೂ ತಪ್ಪಿಲ್ಲ. ಸಡಿಲ ಸರಿಯಿದ್ದು, ಆಯಿಲ್ ಸರಿಯಿದ್ದು, ಆದರೂ ಜಾರುತ್ತಿದೆ ಎಂದರೆ ಉಳಿದದ್ದು ಪ್ಲೇಟು ಮತ್ತು ಸ್ಪ್ರಿಂಗ್. ಆ ಹುಡುಗ ಬಿಗಿ ಮಾಡಿಕೊಟ್ಟ ದಿನದಿಂದ ಅವು ಜಾರಿಕೊಂಡೇ ಓಡಿವೆ, ಆಗುಂಬೆಯಲ್ಲಿ ಬಂದ ವಾಸನೆ ಅದರದ್ದೇ. ಇನ್ನು ಕೇಬಲ್ಲನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಮುಚ್ಚಳ ಬಿಚ್ಚಿಸಿ.

ಹುಬ್ಬಳ್ಳಿಯವ
61,000 ಓಡಿದ ಪ್ಲೇಟು ಹೇಗೂ ಹೋಗುವುದಿತ್ತು, ಸುಮ್ಮನೆ ಆ ಹುಡುಗನ ತಲೆಗೆ ಕಟ್ಟಬೇಡಿ.

ನಟ್ಟು ಬೋಲ್ಟು
ಹೋಗುವುದಿತ್ತು, ನಿಜ. ಆದರೆ ಪ್ಲೇಟ್ ಅಷ್ಟು ಸವೆದಿದ್ದರೆ ಲಿವರ್‌ನಲ್ಲಿ ಸಡಿಲ ಕಡಿಮೆಯಾಗಬೇಕಿತ್ತು, ಇವರಿಗೆ ಹೆಚ್ಚಾಗಿತ್ತು. ಕೇಬಲ್ಲಿನ ಎಳೆಯೂ ಹರಿದಿಲ್ಲ. ಹಾಗಾದರೆ ಆ ಸಡಿಲ ಎಲ್ಲಿಂದ ಬಂತು ಎಂದು ಬಿಗಿಯುವ ಮೊದಲು ಯಾರೂ ಕೇಳಲಿಲ್ಲವಲ್ಲ, ನನ್ನ ತಕರಾರು ಅಷ್ಟೇ.

ತೀರ್ಥಹಳ್ಳಿ ಸವಾರ
ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ಬೇರೆ ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ಬಿಚ್ಚಿಸಿದೆ. ತಿಕ್ಕುವ ಪ್ಲೇಟುಗಳ ಅಂಚು ಕರ್ರಗಾಗಿ ಗಾಜಿನಂತೆ ಹೊಳೆಯುತ್ತಿತ್ತು, ಉಗುರಿನಿಂದ ಕೆರೆದರೂ ಜಾರುತ್ತಿತ್ತು. ಉಕ್ಕಿನ ಎರಡು ಪ್ಲೇಟುಗಳ ಮೇಲೆ ನೀಲಿ ಛಾಯೆ ಬಂದಿತ್ತು. ವಿಚಿತ್ರವೆಂದರೆ ವರ್ನಿಯರ್ ಹಿಡಿದು ಅಳೆದಾಗ ದಪ್ಪ ಇನ್ನೂ ಮಿತಿಯೊಳಗೇ ಇತ್ತು. ಸವೆದು ಹೋದದ್ದಲ್ಲ, ಸುಟ್ಟು ಹೋದದ್ದು.

ಮೊದಲಿನ ಸಡಿಲಕ್ಕೂ ಉತ್ತರ ಸಿಕ್ಕಿತು. ಕೆಳಗೆ ಬ್ರಾಕೆಟ್ಟಿನ ಎರಡು ನಟ್ಟುಗಳಲ್ಲಿ ಒಂದರ ಮರೆ ಹೋಗಿತ್ತು. ನಾನು ಅವತ್ತು ತಿರುಗಿಸುವಾಗಲೇ ಅದು ಯಾಕೋ ಹಗುರವೆನಿಸಿತ್ತು, ಅನುಭವವಿಲ್ಲದೆ ಸುಮ್ಮನಾದೆ. ಓಡುವ ಅದುರಿಗೆ ಅಡ್ಜಸ್ಟರ್ ದಿನಕ್ಕಿಷ್ಟು ಜರುಗುತ್ತಿತ್ತು, ಗ್ಯಾರೇಜಿನ ಹುಡುಗ ಅದನ್ನು ನೋಡದೆ ಮೇಲಿನಿಂದ ಪೂರ್ತಿ ಎಳೆದು ಕಟ್ಟಿದ್ದ. ಪ್ಲೇಟ್, ಸ್ಪ್ರಿಂಗ್, ಕೇಬಲ್ ಮೂರನ್ನೂ ಹೊಸದಾಗಿ ಹಾಕಿಸಿದೆ, ನಟ್ಟನ್ನೂ. ನಾಲ್ಕರಲ್ಲಿ ಅಗ್ಗದ್ದು ಅದೇ ನಟ್ಟು.

ಸ್ಕೂಟರ್ ಬಿಟ್ಟವಳು
ನಾನೀಗಲೇ ಕೆಳಗೆ ಹೋಗಿ ನನ್ನ ಗಾಡಿಯ ನಟ್ಟು ತಿರುಗಿಸಿ ನೋಡಿ ಬಂದೆ. ಗಟ್ಟಿಯಾಗಿದೆ. ಹಾಲಿನ ಪ್ಯಾಕೆಟ್ಟಿನ ಕೆಲಸ ಮಾತ್ರ ಬಾಕಿ.